ರೊಚ್ಚಮೆಲೋನೆ: ಮಕ್ಕಳ ಕಾಸಿನ ಮಾತೆ



ಇಟಲಿಯ ಸೂಸಾ ಪಟ್ಟಣದ ಬಳಿ ಆಲ್ಪ್ಸ್‌ನ ರೊಚ್ಚಮೆಲೋನೆ ಶಿಖರವಿದೆ. ಎತ್ತರ 3,538 ಮೀಟರ್. 1358ರ ಸೆಪ್ಟೆಂಬರ್ 1ರಂದು ಆಸ್ತಿ ಊರಿನ ಬೊನಿಫಾಚೊ ರೊತಾರಿಯೊ, ಮಾತೆ ಮರಿಯಮ್ಮನವರ ಮೂರು ಮಡಿಕೆಯ ಕಂಚಿನ ಫಲಕವನ್ನು ಅಲ್ಲಿಗೆ ಹೊತ್ತೊಯ್ದನು. ಸೆರೆಯಲ್ಲಿದ್ದಾಗ ಹೊತ್ತ ಹರಕೆ ಅದು ಎಂಬುದು ಐತಿಹ್ಯ. ಫಲಕ ಈಗ ಸೂಸಾದಲ್ಲಿದೆ. ಆಗಸ್ಟ್ 5ರ ಹಿಮಮಾತೆಯ ಹಬ್ಬಕ್ಕೆ ಯಾತ್ರಿಕರು ಈಗಲೂ ನಡೆದೇ ಬೆಟ್ಟ ಏರುತ್ತಾರೆ.

1899ರಲ್ಲಿ ಶಿಖರದಲ್ಲಿ ಮಾತೆಯ ದೊಡ್ಡ ಕಂಚಿನ ಪ್ರತಿಮೆ ನಿಂತಿತು. ಅದಕ್ಕೆ ಪುಡಿಕಾಸು ಕೂಡಿಸಿದವರು ಇಟಲಿಯ ಮಕ್ಕಳು; ಬಿಡಿಭಾಗಗಳಾಗಿ ಹೊತ್ತು ಏರಿಸಿದವರು ಆಲ್ಪೀನಿ ಸೈನಿಕರು. ಚರಿತ್ರೆ ರೊತಾರಿಯೊನ ಹೆಸರು ಹೇಳುತ್ತದೆ. ಇವರನ್ನು ಬರೀ ‘ಮಕ್ಕಳು’, ‘ಸೈನಿಕರು’ ಎನ್ನುತ್ತದೆ.

ನಮ್ಮ ಚರ್ಚಿನ ಹಬ್ಬದಲ್ಲಿ ಬೆಂಚು ಹೊರುವವರೂ ನಾವೇ, ವಂದನಾರ್ಪಣೆಯಲ್ಲಿ ಹೆಸರು ಬಿಟ್ಟುಹೋದರೆ ಮುನಿಸಿಕೊಳ್ಳುವವರೂ ನಾವೇ. ಮುಂದಿನ ಸಲ ಆ ಬೆಟ್ಟವನ್ನು ನೆನೆಯೋಣ.