ಕಟ್ಟೆ ಬಿಟ್ಟು ಹೊರಡುವಾಗ

ಚೌಕಾಬಾರ ಎಂದರೆ ಈಗಿನ ಮಕ್ಕಳು, "ಲೂಡೋ ತರಹದ್ದಾ ಅಜ್ಜಿ?" ಎಂದು ಕೇಳುತ್ತಾರೆ. ಮಾತು ತಲೆಕೆಳಗಾಗಿದೆ. ಲೂಡೋ ನಮ್ಮ ದೇಶದ ಪಚ್ಚೀಸಿಯ ಮಗು. ಸೀಮೆಗೆ ಹೋಗಿ, ಇಂಗ್ಲೆಂಡಿನಲ್ಲಿ ಪೇಟೆಂಟು ಮಾಡಿಸಿಕೊಂಡು, ಕವಡೆ ಬಿಟ್ಟು ಆರು ಮುಖದ ದಾಳ ಹಿಡಿದು, ಕೋಟು ಹ್ಯಾಟು ಹಾಕಿಕೊಂಡು ವಾಪಸ್ಸು ಬಂದ ಮನೆಯ ಹುಡುಗ ಅದು. ಚೌಕಾಬಾರ ಮಾತ್ರ ಎಲ್ಲಿಗೂ ಹೋಗಲಿಲ್ಲ. ನಮ್ಮ ಹಜಾರದಲ್ಲೇ, ನಮ್ಮ ಸೆರಗಿನ ಪಕ್ಕದಲ್ಲೇ ಕೂತಿತ್ತು.

ನನ್ನ ತವರು ಮಾಗಡಿ, ಸೇರಿದ ಮನೆ ಚನ್ನಪಟ್ಟಣ, ಚಿಕ್ಕಮ್ಮನನ್ನು ಕೊಟ್ಟದ್ದು ಕನಕಪುರಕ್ಕೆ. ಮೂರು ಮನೆಯಲ್ಲೂ ಈ ಆಟ ಕಂಡಿದ್ದೇನೆ. ಹೆಸರು ಒಂದೊಂದು ಕಡೆ ಒಂದೊಂದು: ಚೌಕಾಬಾರ, ಚಕ್ಕಾರ, ಕಟ್ಟೆ ಮನೆ. ಸಣ್ಣಪುಟ್ಟ ನಿಯಮಗಳೂ ಅಷ್ಟೆ, ಸಾರಿನ ಪುಡಿಯ ಹಾಗೆ ಮನೆಯಿಂದ ಮನೆಗೆ ಬೇರೆ. ಆದರೆ ಮೂಲ ಒಂದೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದಲೆ ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಒಂದು ಮನೆಗೂ ಗುಣಾಕಾರದ ಗುರುತು, ಅವೇ ಕಟ್ಟೆಗಳು. ಕಟ್ಟೆಯ ಮೇಲೆ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಕಟ್ಟೆ ಬಿಟ್ಟು ಬಯಲಿಗೆ ಬಂದ ಕಾಯಿಯ ಮೇಲೆ ಎದುರಾಳಿಯ ಕಾಯಿ ಬಂದು ಕೂತರೆ ಕಡಿದಂತೆ. ಹೊರಟಲ್ಲಿಂದಲೇ ಮತ್ತೆ ಶುರು. ಹೊರಸುತ್ತನ್ನು ಅಪ್ರದಕ್ಷಿಣೆಯಾಗಿ, ಒಳಸುತ್ತನ್ನು ಪ್ರದಕ್ಷಿಣೆಯಾಗಿ ಮುಗಿಸಿ ನಡುಮನೆ ಸೇರಿದರೆ ಆ ಕಾಯಿ "ಹಣ್ಣಾಯಿತು." ಹಣ್ಣಾಗುವುದು! ಎಷ್ಟು ಚೆಂದದ ಮಾತು ನೋಡಿ.

ಗರ ಹಾಕಲು ನಾಲ್ಕು ಕವಡೆ ಸಾಕು. ಕವಡೆ ಸಿಗದವರು ಹುಣಸೆ ಬೀಜವನ್ನು ಕಲ್ಲಿಗೆ ತೇದು ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಸಲ ಗರ ಹಾಕಬಹುದು.

ಈಗ ಒಂದು ಗುಟ್ಟು ಹೇಳುತ್ತೇನೆ. ಹೊರಸುತ್ತಿನಲ್ಲಿ ಹದಿನಾರು ಮನೆ, ನಾಲ್ಕು ಕಟ್ಟೆ. ಒಂದು ಕಟ್ಟೆಯಿಂದ ಮುಂದಿನ ಕಟ್ಟೆಗೆ ಸರಿಯಾಗಿ ನಾಲ್ಕು ಮನೆ. ಅಂದರೆ ಒಂದೇ ಗರದಲ್ಲಿ ಕಟ್ಟೆಯಿಂದ ಕಟ್ಟೆಗೆ ಹಾರಬೇಕಾದರೆ ಚೌಕವೇ ಬೀಳಬೇಕು, ಇಲ್ಲವೇ ಬಾರ ಬಿದ್ದು ಅದರಾಚೆಯ ಕಟ್ಟೆಗೆ ಹೋಗಬೇಕು. ನಾಲ್ಕು ಕವಡೆ ಬೀಳುವ ಬಗೆ ಒಟ್ಟು ಹದಿನಾರು. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ, ಆ ಹದಿನಾರರಲ್ಲಿ ಚೌಕ ಒಂದು, ಬಾರ ಒಂದು. ಒಂದು ಬೀಳುವುದು ನಾಲ್ಕು ಬಗೆ, ಮೂರು ಬೀಳುವುದೂ ನಾಲ್ಕು ಬಗೆ, ಎರಡು ಬೀಳುವುದು ಆರು ಬಗೆ. ಅಲ್ಲಿಗೆ ಬಯಲಲ್ಲಿ ಒಂದು ಸಲವಾದರೂ ನಿಲ್ಲದೆ ಮುಂದಿನ ಕಟ್ಟೆ ಮುಟ್ಟುವ ಭಾಗ್ಯ ಎಂಟಕ್ಕೆ ಒಂದು ಸಲ.

ನಮ್ಮಜ್ಜಿಗೆ ಈ ಲೆಕ್ಕ ಬರೆಯಲು ಬರುತ್ತಿರಲಿಲ್ಲ, ಆಡಲು ಬರುತ್ತಿತ್ತು. "ಅತ್ತೆ ಕಾಯಿಗಿಂತ ಎರಡು ಮನೆ ಮುಂದೆ ಮಾತ್ರ ನಿಲ್ಲಬೇಡ ಕಣೇ, ನಾಲ್ಕು ಮನೆ ಮುಂದೆ ನಿಂತುಕೋ" ಎನ್ನುತ್ತಿದ್ದಳು. ನೋಡಿ, ಎರಡು ಮನೆ ಹಿಂದಿರುವ ಕಾಯಿಗೆ ನಿಮ್ಮನ್ನು ಕಡಿಯಲು ಹದಿನಾರರಲ್ಲಿ ಆರು ಅವಕಾಶ. ನಾಲ್ಕು ಮನೆ ಹಿಂದಿರುವುದಕ್ಕೆ ಒಂದೇ ಒಂದು. ಈ ಸೂತ್ರ ಅತ್ತೆಯ ಮನೆಯಲ್ಲಿ ಬೇರೆ ಕಡೆಗೂ ಅನ್ವಯಿಸುತ್ತದೆಂದು ಮದುವೆಯಾದ ಮೇಲೆ ತಿಳಿಯಿತು.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಒಮ್ಮೆ ಬಂದಾಗ ಅಲ್ಲಿನ ಒಂದು ದಾಳದ ಆಟದ ವಿಷಯ ಹೇಳಿದ. ಅವರ ಬೇಸ್‌ಬಾಲ್ ಮೈದಾನದಲ್ಲೂ ನಾಲ್ಕು ಮೂಲೆಗೆ ನಾಲ್ಕು ಕಟ್ಟೆ. ಕಟ್ಟೆಯ ಮೇಲೆ ಕಾಲಿಟ್ಟು ನಿಂತವನಿಗೆ ಅಭಯ. ಆದರೆ ಕೆಲವು ಧೈರ್ಯಸ್ಥರು, ಚೆಂಡು ಎಸೆಯುವವನು ಎಸೆಯುವ ಹೊತ್ತಿಗೆ ಕಟ್ಟೆ ಬಿಟ್ಟು ಮುಂದಿನದಕ್ಕೆ ಓಡುತ್ತಾರೆ. ಅದಕ್ಕೆ ಕಟ್ಟೆ ಕದಿಯುವುದು ಎಂದೇ ಹೆಸರು. ಮುಟ್ಟುವ ಮೊದಲೇ ಚೆಂಡು ತಾಗಿಸಿದರೆ ಔಟು. ಇದನ್ನು ಮನೆಯೊಳಗೆ ದಾಳ ಹಾಕಿ ಆಡುವ ಹಾಗೆ ಹಾಲ್ ರಿಚ್‌ಮನ್ ಎಂಬಾತ 1961ರಲ್ಲಿ 'ಸ್ಟ್ರಾಟ್-ಓ-ಮ್ಯಾಟಿಕ್' ಎಂಬ ಆಟವನ್ನು ಮಾರುಕಟ್ಟೆಗೆ ತಂದ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಚೀಟಿ. ನಿಜವಾದ ಆಟದಲ್ಲಿ ಅವನು ಎಷ್ಟು ಗಳಿಸಿದ್ದನೋ ಅದರಂತೆ ಅಂಕಿ. ಕದಿಯುವುದರಲ್ಲಿ ಅವನು ಯಾವ ದರ್ಜೆಯವನು, ಎದುರು ಪಕ್ಷದಲ್ಲಿ ಚೆಂಡು ಹಿಡಿಯುವವನ ತೋಳು ಎಷ್ಟು ಚುರುಕು, ಎರಡನ್ನೂ ಕೂಡಿ ಕಳೆದು, ಒಂದರಿಂದ ಇಪ್ಪತ್ತರೊಳಗಿನ ಒಂದು ಅಂಕಿಯಿಂದ ಬದುಕಿದನೋ ಸತ್ತನೋ ಎಂದು ತೀರ್ಮಾನ. ಓಡಿಸುವುದೋ ಬೇಡವೋ ಎನ್ನುವುದು ಮಾತ್ರ ಆಡುವವರ ಕೈಯಲ್ಲಿ.

ಇದು ನಮ್ಮ ಚೌಕಾಬಾರವೇ ಎಂದು ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅವರ ಓಟಗಾರನಿಗೆ ಚರಿತ್ರೆ ಉಂಟು. ಹೋದ ವರ್ಷ ಅವನು ಏನಾಗಿದ್ದನೋ ಈ ವರ್ಷವೂ ಅದೇ ಅವನ ಹಣೆಬರಹ. ನಮ್ಮ ಕಾಯಿಗೆ ಚರಿತ್ರೆಯೇ ಇಲ್ಲ. ಬಳೆಚೂರು, ಹುರುಳಿಕಾಳು, ಕಲ್ಲು, ಏನಿಟ್ಟರೂ ಎಲ್ಲರದೂ ನಾಲ್ಕೇ ಕಾಯಿ, ಎಲ್ಲರಿಗೂ ಅದೇ ನಾಲ್ಕು ಕವಡೆ. ಇಪ್ಪತ್ತೆರಡಕ್ಕೆ ವಿಧವೆಯಾದ ನಮ್ಮಜ್ಜಿ, ಹೊಸದಾಗಿ ಬಂದ ಸೊಸೆ, ಗಂಡುಮಗು ಹೆರದೆ ಮಾತು ಕೇಳುತ್ತಿದ್ದ ನಮ್ಮ ದೊಡ್ಡಮ್ಮ, ಎಲ್ಲರ ಕಾಯಿಯೂ ಒಂದೇ ತೂಕ. "ಅತ್ತೆ, ನಿಮ್ಮ ಕಾಯಿ ಕಡಿದೆ" ಎಂದು ಸೊಸೆ ಬಾಯಿಬಿಟ್ಟು ಹೇಳಿ ನಗಬಹುದಾದ ಜಾಗ ಆ ಮನೆಯಲ್ಲಿ ಮತ್ತೊಂದಿರಲಿಲ್ಲ. ಕಾಯಿ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ನಮ್ಮ ಮನೆಯ ನಿಯಮವಾಗಿತ್ತು. ಹಾಗಾಗಿ ಸೊಸೆಗೂ ಬೇರೆ ದಾರಿಯಿರಲಿಲ್ಲ ಅನ್ನಿ.

ದಾಳದ ಚರಿತ್ರೆಯಲ್ಲಿ ಹೆಂಗಸು ಕಾಣುವುದೇ ಬೇರೆ ರೀತಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಕೋರನ ಗೋಳಿನ ಒಂದು ಸೂಕ್ತವಿದೆ. ಅಲ್ಲಿ ದಾಳಗಳೆಂದರೆ ತಾರೆಕಾಯಿ, ಹೆಂಗಸೆಂದರೆ ಅವನಿಂದ ದೂರವಾದ ಹೆಂಡತಿ. ಮಹಾಭಾರತದಲ್ಲಿ ಅವಳು ಪಣ. ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವೆಲ್ಲಿಯದು ಎಂದು ದ್ರೌಪದಿ ಕೇಳಿದ್ದಕ್ಕೆ ಸಭೆಯಲ್ಲಿ ಸರಿಯಾದ ಉತ್ತರ ಬರಲಿಲ್ಲ. ಮನೆಯಲ್ಲಿ ಪಗಡೆ ಹಾಸು ಬಿಡಿಸಿದರೆ ಜಗಳ ಬರುತ್ತದೆ ಎಂಬ ಭಯ ಅಲ್ಲಿಂದಲೇ ಬಂದಿರಬೇಕು. ಆದರೆ ಅದೇ ಮನೆಯ ಹಜಾರದಲ್ಲಿ ಮಧ್ಯಾಹ್ನದ ಹೊತ್ತು ಪಣವಿಲ್ಲದೆ, ಕಾಸಿಲ್ಲದೆ, ಹೆಂಗಸರು ತಾವೇ ಗರ ಹಾಕಿ ತಾವೇ ಕಾಯಿ ನಡೆಸುತ್ತಿದ್ದರು. ಅದನ್ನು ಯಾವ ಪರ್ವದಲ್ಲೂ ಯಾರೂ ಬರೆಯಲಿಲ್ಲ.

ಬರೆದಿಟ್ಟವರೆಂದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಹುಟ್ಟಿ, 1799ರಲ್ಲಿ ಮಗುವಾಗಿದ್ದಾಗಲೇ ಸಿಂಹಾಸನ ಏರಿದವರು; 1868ರವರೆಗೆ ಬದುಕಿದ್ದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕ ನಿಧಿ ಆಟಗಳಿಗೇ ಮೀಸಲು. ಹೊಸ ಹೊಸ ಹಾಸುಗಳನ್ನು ಅವರೇ ರಚಿಸಿದರು. 1831ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಆಮೇಲೆ ಸುಮಾರು ಮೂವತ್ತೇಳು ವರ್ಷ ಅವರು ಹೆಸರಿಗೆ ಅರಸರು. ಆಳಲು ದೇಶವಿಲ್ಲದವರಿಗೆ ಹಾಸಿನ ಮೇಲಿನ ಮನೆಗಳು ಏನಾಗಿದ್ದವೋ, ಮನೆಯಲ್ಲಿದ್ದೂ ಮನೆಯ ಮಾತಿಗೆ ಸೇರದ ನಮ್ಮ ಅಜ್ಜಿಯರಿಗೂ ಅವು ಅದೇ ಆಗಿದ್ದವೆಂದು ನನಗೆ ಅನ್ನಿಸುತ್ತದೆ. ಅರಸರ ಹಾಸುಗಳು ಉಳಿದಿವೆ. ಅಜ್ಜಿಯರ ಹಾಸನ್ನು ಸಂಜೆ ದೀಪ ಹಚ್ಚುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಈಗ ಹಾಸು ಫೋನಿನೊಳಗೆ ಬಂದಿದೆ. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ರಾಮನಗರದಲ್ಲಿರುವ ನನ್ನ ಸೊಸೆಯೂ ಬೆರಳಲ್ಲೇ ಲೂಡೋ ಆಡಿದಳು. ತಪ್ಪೇನೂ ಇಲ್ಲ. ಆದರೆ ಅಲ್ಲಿ ಗರವನ್ನು ಯಂತ್ರ ಹಾಕುತ್ತದೆ, ಮನೆ ಎಣಿಸುವುದೂ ಅದೇ. ಎಷ್ಟು ಹಿಂದೆ ಯಾರಿದ್ದಾರೆ, ಎಷ್ಟು ಮುಂದೆ ನಿಂತರೆ ಬದುಕುತ್ತೇನೆ ಎಂದು ನೆಲ ನೋಡಿ ಎಣಿಸುತ್ತಿದ್ದ ಕಣ್ಣು ಹೋಯಿತು. ನಾನೀಗ ಚನ್ನಪಟ್ಟಣದಲ್ಲಿ ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹತ್ತಿಸಿದ ಹದಿನಾರು ಕಾಯಿ ತಂದಿಟ್ಟಿದ್ದೇನೆ. ಕವಡೆ ಅಜ್ಜಿಯದೇ. ಭಾನುವಾರ ಮೊಮ್ಮಗಳು ಬಂದರೆ ಆಡುತ್ತೇವೆ. ಅವಳಿಗೆ ಕಟ್ಟೆಯ ಮೇಲೆ ಕೂರುವುದೇ ಇಷ್ಟ. ನಾಲ್ಕು ಕಾಯಿಯನ್ನೂ ಅಲ್ಲೇ ಪೇರಿಸಿ ಚೌಕ ಬೀಳಲಿ ಎಂದು ಕಾಯುತ್ತಾಳೆ. ಹದಿನಾರರಲ್ಲಿ ಒಂದು ಸಲ ಬೀಳುವುದಕ್ಕೆ ಕಾಯುತ್ತ ಕೂತರೆ ಆಟ ಮುಗಿಯುವುದಿಲ್ಲ, ಕಾಯಿ ಹಣ್ಣಾಗುವುದೂ ಇಲ್ಲ. ಎಣಿಸು, ಹಿಂದೆ ಯಾರಿದ್ದಾರೆ ನೋಡು, ಎರಡರ ಮುಂದೆ ನಿಲ್ಲಬೇಡ, ಆಮೇಲೆ ಹೊರಡು ಎಂದು ಅವಳಿಗೆ ಹೇಳಿಕೊಡುತ್ತಿದ್ದೇನೆ. ಕಡಿದರೆ ಕಡಿಯಲಿ, ಮತ್ತೆ ಶುರು ಮಾಡಿದರಾಯಿತು.