ಜೀವೋತ್ಪತ್ತಿ ವಿಚಾರವೂ ರಾಯಚೂರು ಸೀಮೆಯ ಶಿಲೆಗಳೂ

ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬು ಸೀಮೆಯಲ್ಲಿ ಕಲ್ಲು ಮಾತನಾಡುವುದು ಹೊಸ ಸಂಗತಿಯಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿರುವ, 41 ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲಿನ ಮೇಲಣ ಶಾಸನವು ಕ್ರಿ.ಶ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಆ ಕೋಟೆ ನಿರ್ಮಿತವಾದುದನ್ನು ತಿಳಿಸುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಬೀಡನ್ ಎಂಬವನು ಮಸ್ಕಿಯಲ್ಲಿ ಕಂಡ ಬಂಡೆಯ ಬರಹವು, ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಸ್ಥಿರಪಡಿಸಿತು. ಆದರೆ ಬರಹವನ್ನು ಹೊತ್ತ ಕಲ್ಲು ಬರಹಕ್ಕಿಂತ ಎಷ್ಟೋ ಹಳೆಯದು. ಭೂಮಿಯಲ್ಲಿ ಜೀವವು ಹೇಗೆ ಮೊದಲಾಯಿತೆಂಬ ಪ್ರಶ್ನೆಗೆ ಅದು ಯಾವ ಸಾಕ್ಷ್ಯವನ್ನು ನೀಡಬಲ್ಲುದು?

ಕೊಳೆತ ಮಾಂಸದಲ್ಲಿ ಹುಳುಗಳು ತಾವಾಗಿಯೇ ಹುಟ್ಟುವುವೆಂದು ಪೂರ್ವಿಕರು ಬಹುಕಾಲ ನಂಬಿದ್ದರು. ನೊಣವು ಮೊಟ್ಟೆಯಿಡದಂತೆ ಮುಚ್ಚಿಟ್ಟರೆ ಹುಳುವಾಗದೆಂದು ಇಟಲಿಯ ರೆಡಿಯು 1668ರಲ್ಲಿ ತೋರಿಸಿದನು. ಸೂಕ್ಷ್ಮಜೀವಿಗಳೂ ತಾವಾಗಿ ಹುಟ್ಟವೆಂದು ಫ್ರಾನ್ಸಿನ ಪಾಶ್ಚರನು 1860ರ ಸುಮಾರಿನಲ್ಲಿ ಪ್ರಯೋಗಗಳಿಂದ ಸಿದ್ಧಪಡಿಸಿದನು. ಇದರಿಂದ ಒಂದು ತೊಡಕು ಬಿಡಿಸಿ ಮತ್ತೊಂದು ಗಂಟು ಬಿದ್ದಿತು. ಜೀವದಿಂದಲೇ ಜೀವವಾದರೆ ಮೊದಲನೆಯದು ಎಲ್ಲಿಂದ? ಆಕಾಶದ ಉಲ್ಕೆಗಳೊಡನೆ ಬಂದಿರಬಹುದೆಂದು ಕೆಲ್ವಿನ್ನನು 1871ರಲ್ಲಿ ಊಹಿಸಿದನು. ಯಾವುದೋ ಬೆಚ್ಚನೆಯ ಕಿರುಗೊಳದಲ್ಲಿ ಮೂಡಿರಬಹುದೆಂದು ಅದೇ ವರ್ಷ ಡಾರ್ವಿನ್ನನು ಮಿತ್ರನಿಗೆ ಕಾಗದ ಬರೆದನು.

ಆದಿಯಲ್ಲಿ ವಾಯುಮಂಡಲದಲ್ಲಿ ಆಮ್ಲಜನಕವಿಲ್ಲದಿದ್ದುದರಿಂದ ಜೀವದ್ರವ್ಯಗಳು ಜಲದಲ್ಲಿ ಕೂಡಿಬಂದುವೆಂದು ರಷ್ಯದ ಓಪಾರಿನ್ನನು 1924ರಲ್ಲಿಯೂ, ಇಂಗ್ಲೆಂಡಿನ ಹಾಲ್ಡೇನನು 1929ರಲ್ಲಿಯೂ ಬೇರೆ ಬೇರೆಯಾಗಿ ಪ್ರತಿಪಾದಿಸಿದರು. ಈ ಹಾಲ್ಡೇನನೇ 1957ರಲ್ಲಿ ಭಾರತಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನು. 1953ರಲ್ಲಿ ಅಮೆರಿಕದ ಮಿಲ್ಲರನು ನೀರಾವಿ, ಮೀಥೇನ್, ಅಮೋನಿಯಾ, ಜಲಜನಕಗಳಲ್ಲಿ ವಿದ್ಯುತ್ತಿನ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದನು. ಆದಿಯ ವಾಯುವು ಅಂತಹದೇ ಆಗಿತ್ತೆಂಬುದನ್ನು ಮುಂದಿನವರು ಸಂಶಯಿಸಿದರು. 1977ರಲ್ಲಿ ಸಮುದ್ರತಳದ ಬಿಸಿನೀರಿನ ಬುಗ್ಗೆಗಳು ಕಂಡ ಮೇಲೆ, ಅಲ್ಲಿಯೇ ಜೀವದ ತೊಟ್ಟಿಲಿದ್ದಿತೆಂಬ ವಾದವೂ ಹುಟ್ಟಿತು. ಇಟ್ಟಿಗೆಗಳು ದೊರೆತುವು, ಮನೆ ಕಟ್ಟಿದ ಬಗೆ ಇನ್ನೂ ತಿಳಿದಿಲ್ಲ.

ಈ ವಾದಗಳಿಗೆ ಶಿಲೆಯೇ ನ್ಯಾಯಸ್ಥಾನ. ರಾಯಚೂರಿನ ಕಣಶಿಲೆಯ ಗುಡ್ಡಗಳ ನಡುವೆ, ದೇವದುರ್ಗ, ಮಾನವಿಗಳ ಕಡೆಯಲ್ಲಿಯೂ ಲಿಂಗಸೂಗೂರಿನ ಹಟ್ಟಿಯಲ್ಲಿಯೂ ಕಪ್ಪುಹಸುರಿನ ಪುರಾತನ ಶಿಲೆಗಳ ಪಟ್ಟಿಗಳು ಹಾದಿವೆ. ಇಂತಹ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನಿತ್ತವನು ಬ್ರೂಸ್ ಫೂಟನು. ಇವುಗಳ ವಯಸ್ಸು 250ರಿಂದ 270 ಕೋಟಿ ವರ್ಷಗಳ ಸುಮಾರು. ಹಟ್ಟಿಯ ಪಟ್ಟಿಯಲ್ಲಿ ದಿಂಬುಗಳನ್ನು ಪೇರಿಸಿದಂತಿರುವ ಲಾವಾಶಿಲೆಗಳಿವೆ. ಲಾವಾರಸವು ನೀರಿನೊಳಗೆ ಹರಿದು ತಣ್ಣಗಾದಾಗ ಮಾತ್ರ ಆ ರೂಪವನ್ನು ತಳೆಯುವುದು. ಬಿಸಿಲಿನ ನಾಡೆಂದು ಹೆಸರಾದ ಈ ನೆಲ ಒಮ್ಮೆ ನೀರಿನಡಿಯಲ್ಲಿದ್ದಿತು!

ಹಾಗೆಂದು ಜೀವವು ಇಲ್ಲಿಯೇ ಹುಟ್ಟಿತೆನ್ನುವುದು ಅಭಿಮಾನವಾದೀತು, ಇತಿಹಾಸವಾಗದು. ಭೂಮಿಗೆ 454 ಕೋಟಿ ವರ್ಷಗಳಾಗಿವೆ. ಆಸ್ಟ್ರೇಲಿಯದ ಶಿಲೆಗಳಲ್ಲಿ 348 ಕೋಟಿ ವರ್ಷಗಳ ಹಿಂದಿನ ಜೀವಚಿಹ್ನೆಗಳು ಕಂಡಿವೆ. ಹಟ್ಟಿಯಲ್ಲಿ ಲಾವಾ ಹರಿಯುವಾಗ ಜೀವವು ಆಗಲೇ ಪ್ರಾಚೀನವಾಗಿತ್ತು. ಚಿತ್ರದುರ್ಗ, ಸಂಡೂರುಗಳ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳು ದೊರೆತಿವೆ. ರಾಯಚೂರಿನ ಶಿಲೆಗಳಾದರೋ ಬೇಗೆಯಲ್ಲಿ ಬೆಂದು, ಒತ್ತಡದಲ್ಲಿ ಮಡಿಸಿಹೋದುವು. ಇಂತಹ ನವುರಾದ ಗುರುತು ಅವುಗಳಲ್ಲಿ ಉಳಿಯುವುದು ಕಷ್ಟ.

ಆದರೂ ಮಾತು ಕಡಿಮೆಯಾದ ಸಾಕ್ಷಿಯು ಸುಳ್ಳು ಸಾಕ್ಷಿಯಲ್ಲ. ಶಾಸನದ ಅಕ್ಷರ ಅಳಿದರೆ ಮರುಗುವ ಜನರು, ಅಕ್ಷರವಿಲ್ಲದ ಗುಡ್ಡವು ಜಲ್ಲಿಯಾಗುವಾಗಲೂ ಒಮ್ಮೆ ನಿಂತು ನೋಡುವುದು ಯೋಗ್ಯ. ಒಡೆದ ಶಾಸನಕ್ಕೆ ಪ್ರತಿಯಾದರೂ ಇದ್ದೀತು. ಒಡೆದ ಆ ಶಿಲೆಗೆ ಪ್ರತಿಯಿಲ್ಲ.