ಹಿರಿಯರ ರೈಲು ರಿಯಾಯಿತಿ ಮತ್ತೆ ಬಂದಿದೆಯೇ? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

“ಸಿಹಿ ಸುದ್ದಿ! ಹಿರಿಯ ನಾಗರಿಕರಿಗೆ ರೈಲಿನಲ್ಲಿ ಅರ್ಧ ದರ ಮತ್ತೆ ಜಾರಿ. ಎಲ್ಲ ಗುಂಪುಗಳಿಗೂ ಕಳಿಸಿ.” ಹೆಚ್ಚುಕಡಿಮೆ ಇದೇ ಧಾಟಿಯ ಸಂದೇಶ ನಿಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಪ್ರತಿ ಸಲ ದಿನಾಂಕ ಮಾತ್ರ ಬದಲಾಗಿರುತ್ತದೆ.

ಇದರಿಂದ ಯಾರಿಗೇನು ನಷ್ಟ ಎಂದು ಅನಿಸಬಹುದು. ನಮ್ಮ ತಂಡದ ಒಬ್ಬರು ಇದನ್ನು ತಮ್ಮ ಅಜ್ಜನಿಗೆ ಕಳಿಸಿದ್ದರು. ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆಗೆಂದು ಒಬ್ಬರೇ ಹೊರಟಿದ್ದ ಅಜ್ಜ, ಅರ್ಧ ಟಿಕೆಟ್ ಲೆಕ್ಕ ಹಾಕಿ ಅಷ್ಟೇ ಹಣ ಇಟ್ಟುಕೊಂಡು ನಿಲ್ದಾಣಕ್ಕೆ ಹೋದರು. ಕೌಂಟರಿನಲ್ಲಿ ಪೂರ್ತಿ ದರ ಕೇಳಿದರು. ಅಜ್ಜ ಮೊಬೈಲ್ ತೆರೆದು ಸಂದೇಶ ತೋರಿಸಿ ಮಾತಾಡುತ್ತಿರುವಷ್ಟರಲ್ಲಿ ರೈಲು ಹೋಯಿತು, ತಪಾಸಣೆಯೂ ತಪ್ಪಿತು. ತಪ್ಪು ನಮ್ಮದೇ ಆಗಿದ್ದರಿಂದ, ಹಿರಿಯರ ಮತ್ತು ಅಂಗವಿಕಲರ ಪ್ರಯಾಣದ ವಿಷಯದಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಒಂದೆಡೆ ಕಲೆಹಾಕಿದ್ದೇವೆ.

ಹೇಳಿಕೆ 1: ಹಿರಿಯರಿಗೆ ರೈಲಿನಲ್ಲಿ ಮತ್ತೆ ಅರ್ಧ ದರ

ಇದು ಸುಳ್ಳು. ಮೊದಲು 60 ದಾಟಿದ ಗಂಡಸರಿಗೆ 40%, 58 ದಾಟಿದ ಹೆಂಗಸರಿಗೆ 50% ರಿಯಾಯಿತಿ ಇತ್ತು. ಕೊರೋನಾ ಕಾಲದಲ್ಲಿ, ಅಂದರೆ 2020ರ ಮಾರ್ಚ್ 20ರಿಂದ, ಅದನ್ನು ನಿಲ್ಲಿಸಲಾಯಿತು. ರೈಲುಗಳು ಮತ್ತೆ ಓಡಲು ಶುರುವಾದರೂ ರಿಯಾಯಿತಿ ಮರಳಲಿಲ್ಲ. ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಾದರೂ ಅದನ್ನು ಮತ್ತೆ ಕೊಡುವ ಬಗ್ಗೆ ಯೋಚಿಸಿ ಎಂದು ಸಂಸತ್ತಿನ ಸ್ಥಾಯಿ ಸಮಿತಿ ಹೇಳಿದ್ದುಂಟು. ಸಮಿತಿಯ ಸಲಹೆ ಆದೇಶವಲ್ಲ. ಇಂಥ ಸುದ್ದಿ ಬಂದಾಗೆಲ್ಲ ಯಾರೋ ಅದನ್ನು “ಜಾರಿಯಾಗಿದೆ” ಎಂದು ಬದಲಿಸಿ ಹರಿಯಬಿಡುತ್ತಾರೆ. ಕೇಂದ್ರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೂ ಇಂಥ ಹೇಳಿಕೆಯನ್ನು ಸುಳ್ಳೆಂದು ತಿಳಿಸಿದೆ.

ಹೇಳಿಕೆ 2: ಹಾಗಾದರೆ ಎಲ್ಲ ರಿಯಾಯಿತಿಯೂ ಹೋಗಿದೆ

ಇದೂ ಸುಳ್ಳು. ಮೊದಲನೆಯದಕ್ಕಿಂತ ಹೆಚ್ಚು ನಷ್ಟ ಮಾಡುವ ಸುಳ್ಳು ಇದು, ಏಕೆಂದರೆ ಇದನ್ನು ನಂಬಿದವರು ಇರುವ ಸೌಲಭ್ಯವನ್ನೂ ಕೇಳುವುದಿಲ್ಲ.

ಅಂಗವಿಕಲರ ನಾಲ್ಕು ವರ್ಗಗಳಿಗೆ ರೈಲು ರಿಯಾಯಿತಿ ಮುಂದುವರಿದಿದೆ. ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದ ದೈಹಿಕ ಅಂಗವೈಕಲ್ಯ ಇರುವವರು, ಬುದ್ಧಿಮಾಂದ್ಯತೆ ಇರುವವರು ಮತ್ತು ಪೂರ್ತಿ ದೃಷ್ಟಿಹೀನರು, ಈ ಮೂರು ವರ್ಗದವರಿಗೆ ಎರಡನೇ ದರ್ಜೆ, ಸ್ಲೀಪರ್ ಹಾಗೂ ಮೂರನೇ ದರ್ಜೆ ಎಸಿಯಲ್ಲಿ 75% ರಿಯಾಯಿತಿ ಸಿಗುತ್ತದೆ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ಸಿಗುತ್ತದೆ. ಕಿವಿಯೂ ಕೇಳದ, ಮಾತೂ ಬಾರದವರಿಗೆ ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ 50% ಇದೆ. ರಾಜಧಾನಿ, ಶತಾಬ್ದಿಯಂಥ ರೈಲುಗಳಲ್ಲಿ ಲೆಕ್ಕ ಬೇರೆ. ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ ಮುಂತಾದವುಗಳ ಚಿಕಿತ್ಸೆಗೆ ಹೋಗುವವರಿಗೂ ನಿಗದಿತ ಪ್ರಮಾಣಪತ್ರದ ಮೇಲೆ ರಿಯಾಯಿತಿ ಇದೆ. ಅಂದರೆ 70 ವರ್ಷದ ಒಬ್ಬರಿಗೆ ವಯಸ್ಸಿನ ಕಾರಣಕ್ಕೆ ಸಿಗದ ರಿಯಾಯಿತಿ, ಡಯಾಲಿಸಿಸ್‌ಗೆ ಹೋಗುತ್ತಿರುವ ಕಾರಣಕ್ಕೆ ಸಿಗಬಹುದು.

ಹೇಳಿಕೆ 3: ಹಿರಿಯರಿಗೆ ಕೆಳಗಿನ ಬರ್ತ್ ಕೊಡಲೇಬೇಕು

ಅರ್ಧ ನಿಜ. 60 ದಾಟಿದ ಗಂಡಸರು ಮತ್ತು 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್‌ಗಳಲ್ಲಿ ಒಂದು ಕೋಟಾ ಇದೆ. ಒಂದು ಸ್ಲೀಪರ್ ಬೋಗಿಯಲ್ಲಿ ಆರೇಳು ಬರ್ತ್ ಮಾತ್ರ, ಅವು ತುಂಬಿದರೆ ಮುಗಿಯಿತು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಹಿರಿಯರು ಒಬ್ಬರೇ ಅಥವಾ ಇಬ್ಬರು ಹಿರಿಯರು ಮಾತ್ರ ಇರುವ ಟಿಕೆಟ್‌ಗೆ ಈ ಕೋಟಾ ಅನ್ವಯಿಸುತ್ತದೆ. ಮಗ, ಸೊಸೆ, ಮೊಮ್ಮಕ್ಕಳನ್ನೆಲ್ಲ ಸೇರಿಸಿ ಒಂದೇ ಟಿಕೆಟ್ ಮಾಡಿದರೆ ಅಪ್ಪ ಅಮ್ಮನಿಗೆ ಆ ಕೋಟಾ ಕೈತಪ್ಪುತ್ತದೆ. ಅವರಿಬ್ಬರ ಟಿಕೆಟನ್ನು ಬೇರೆಯಾಗಿ ಮಾಡುವುದು ಒಳ್ಳೆಯದು.

ಹೇಳಿಕೆ 4: ನಮ್ಮ ಬಸ್ಸುಗಳಲ್ಲಿ ಎಲ್ಲ ಹಿರಿಯರಿಗೂ ಉಚಿತ

ಇಲ್ಲಿ ಮೂರು ಬೇರೆ ಬೇರೆ ವಿಷಯ ಕಲೆಸಿಹೋಗಿವೆ.

ಮೊದಲನೆಯದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ಕರ್ನಾಟಕದ ನಿವಾಸಿಗಳಾದ ಹೆಂಗಸರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. ಇದಕ್ಕೆ ವಯಸ್ಸಿನ ಷರತ್ತಿಲ್ಲ. ಅಜ್ಜಿಗೆ ಉಚಿತ, ಅಜ್ಜನಿಗಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಎರಡನೆಯದು ಹಿರಿಯ ನಾಗರಿಕರ ರಿಯಾಯಿತಿ. ಕರ್ನಾಟಕದಲ್ಲಿ ವಾಸವಿರುವ 60 ತುಂಬಿದವರಿಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ, ಎಕ್ಸ್‌ಪ್ರೆಸ್ ಮತ್ತು ರಾಜಹಂಸ ಬಸ್ಸುಗಳಲ್ಲಿ ಮೂಲ ದರದ ಮೇಲೆ 25% ಕಡಿತ. ವಯಸ್ಸು ತೋರಿಸುವ ಗುರುತಿನ ಚೀಟಿ ಬೇಕು.

ಮೂರನೆಯದು ಅಂಗವಿಕಲರ ಪಾಸು. ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕಟ್ಟಿ ಪಡೆಯುವ ಈ ಪಾಸಿನಲ್ಲಿ ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ಓಡಾಡಬಹುದು. ಅರ್ಜಿ ಸೇವಾ ಸಿಂಧು ಮೂಲಕ. ಪ್ರತಿ ವರ್ಷ ನವೀಕರಿಸುವುದನ್ನು ಮರೆತರೆ ಪಾಸು ಇದ್ದೂ ಇಲ್ಲದಂತೆ.

ಟಿಕೆಟ್ ಅಗ್ಗವಾದರೆ ಸಾಕೇ?

ಅಜ್ಜನ ಕತೆಗೆ ಮರಳೋಣ. ಮುಂದಿನ ವಾರ ಅವರು ಪೂರ್ತಿ ದುಡ್ಡು ಕೊಟ್ಟೇ ಹೋದರು. ಈ ಸಲ ಜೊತೆಗೆ ಮೊಮ್ಮಗನೂ ಇದ್ದ. ಮನೆಯಿಂದ ಬಸ್ ನಿಲ್ದಾಣಕ್ಕೆ ಒಂದೂವರೆ ಕಿಲೋಮೀಟರ್ ನಡಿಗೆ. ಬಸ್ಸಿನ ಎತ್ತರದ ಮೆಟ್ಟಿಲು. ರೈಲು ನಿಲ್ದಾಣದಲ್ಲಿ ಇನ್ನೊಂದು ಪ್ಲಾಟ್‌ಫಾರ್ಮಿಗೆ ಮೇಲ್ಸೇತುವೆ. ಇಳಿದ ಮೇಲೆ ಆಸ್ಪತ್ರೆಗೆ ಆಟೋ, ಅದರ ಬಾಡಿಗೆ ರೈಲು ಟಿಕೆಟ್‌ಗಿಂತ ಜಾಸ್ತಿ. ತಪಾಸಣೆ ಮುಗಿಯುವ ಹೊತ್ತಿಗೆ ವಾಪಸ್ ರೈಲು ಹೋಗಿಯಾಗಿತ್ತು. ಟಿಕೆಟ್ ದರ ಈ ಇಡೀ ಸರಪಳಿಯ ಒಂದು ಕೊಂಡಿ ಅಷ್ಟೇ. ಉಳಿದ ಯಾವುದೇ ಕೊಂಡಿ ಕಳಚಿದರೂ ಪ್ರಯಾಣ ನಿಲ್ಲುತ್ತದೆ.

ಮೆಟ್ಟಿಲನ್ನೇ ತೆಗೆದುಕೊಳ್ಳಿ. ನಗರ ಬಸ್ಸುಗಳ ಕೇಂದ್ರ ಸರ್ಕಾರದ ಮಾನದಂಡದಲ್ಲಿ ಮಾಮೂಲಿ ಬಸ್ಸಿನ ನೆಲ ರಸ್ತೆಯಿಂದ 900 ಮಿಲಿಮೀಟರ್ ಎತ್ತರ, ಲೋ ಫ್ಲೋರ್ ಬಸ್ಸಿನದು 400. ಮೊದಲನೆಯದಕ್ಕೆ ಮೂರು ಅಡಿ ಹತ್ತಬೇಕು. ಮಂಡಿ ನೋವಿರುವವರಿಗೆ ಅದು ಕಷ್ಟ, ಗಾಲಿಕುರ್ಚಿಯಲ್ಲಿರುವವರಿಗೆ ಅಸಾಧ್ಯ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಂ ಬಸ್ ನಿಲ್ದಾಣ, ರೈಲು ನಿಲ್ದಾಣ, ವಾಹನ ಎಲ್ಲವೂ ಅವರು ಬಳಸುವಂತಿರಬೇಕು ಎಂದು ಸರ್ಕಾರಗಳಿಗೆ ಹೇಳುತ್ತದೆ. ಹಾಗಾಗಿ ಇಳಿಜಾರು ದಾರಿ, ಲಿಫ್ಟ್ ಕೇಳುವುದು ದಯೆಯ ಬೇಡಿಕೆಯಲ್ಲ, ಕಾನೂನಿನಲ್ಲಿರುವ ಮಾತು.

ಬೇರೆ ದೇಶದಲ್ಲಿ ಹೇಗೆ ಜೋಡಿಸುತ್ತಾರೆ?

“ಅಮೆರಿಕದಲ್ಲಿ ಮುದುಕರನ್ನು ಸರ್ಕಾರವೇ ಕಾರಿನಲ್ಲಿ ಕರೆದೊಯ್ಯುತ್ತದೆ” ಎಂಬ ಸಂದೇಶವೂ ಓಡಾಡುತ್ತದೆ. ಇದೂ ಅರ್ಧ ನಿಜ. ಅಲ್ಲಿಯ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ, ಬಸ್ಸು ಓಡಿಸುವ ಸಾರ್ವಜನಿಕ ಸಂಸ್ಥೆಗಳು ಆ ಬಸ್ಸನ್ನು ಬಳಸಲಾಗದ ಅಂಗವಿಕಲರಿಗೆ ಬೇರೆ ವಾಹನ ಕಳಿಸಬೇಕು. ಆದರೆ ಬಸ್ ಮಾರ್ಗದಿಂದ ಮುಕ್ಕಾಲು ಮೈಲಿ, ಅಂದರೆ ಸುಮಾರು 1.2 ಕಿಲೋಮೀಟರ್ ಒಳಗಿನವರಿಗೆ ಮಾತ್ರ ಇದು ಕಡ್ಡಾಯ. ಹಿಂದಿನ ದಿನವೇ ಬುಕ್ ಮಾಡಬೇಕು. ಉಚಿತವೂ ಅಲ್ಲ, ಬಸ್ ದರದ ಎರಡು ಪಟ್ಟಿನವರೆಗೆ ತೆಗೆದುಕೊಳ್ಳಬಹುದು. ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಸಿಗುವುದಿಲ್ಲ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗುವ ಒಂದು ನಿಯಮವಿದೆ. ಅಂಗವೈಕಲ್ಯದಿಂದ ಬಸ್ ಬಳಸಲಾಗದವರು ಬೇರೆ ಊರಿನಿಂದ ಬಂದವರಾದರೂ, 365 ದಿನಗಳಲ್ಲಿ 21 ದಿನಗಳವರೆಗೆ ಈ ಸೇವೆ ಪಡೆಯಬಹುದು.

ಅಲ್ಲಿಯೂ ಎಲ್ಲವೂ ಸರಿಯಾಗಿರಲಿಲ್ಲ. ಇಂಥ ಪ್ರಯಾಣಗಳಿಗೆ ಹಣ ಕೊಡುವ ಕೇಂದ್ರ ಯೋಜನೆಗಳು 62 ಇವೆ ಎಂದು 2003ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಎಣಿಸಿತು. ಹೀಗಾದಾಗ ಏನಾಗುತ್ತದೆಂದರೆ, ಆಸ್ಪತ್ರೆಯದೊಂದು ವ್ಯಾನು, ವೃದ್ಧರ ಕೇಂದ್ರದ್ದೊಂದು ವ್ಯಾನು ಒಂದೇ ಬೀದಿಗೆ ಅರ್ಧ ಖಾಲಿಯಾಗಿ ಬರುತ್ತವೆ, ಪಕ್ಕದ ಬೀದಿಗೆ ಒಂದೂ ಬರುವುದಿಲ್ಲ. 2004ರಲ್ಲಿ ಅಧ್ಯಕ್ಷರ ಆದೇಶದ ಮೇಲೆ ಈ ಇಲಾಖೆಗಳನ್ನು ಕೂಡಿಸುವ ಮಂಡಳಿಯೊಂದು ಬಂತು. ಹಿರಿಯರ ಮತ್ತು ಅಂಗವಿಕಲರ ಸಾರಿಗೆಗೆಂದೇ ಇರುವ ಅನುದಾನ ಬೇಕಾದರೆ, ಆ ಪ್ರದೇಶದವರೆಲ್ಲ ಕೂತು ಮಾಡಿದ ಒಂದೇ ಯೋಜನೆಯಲ್ಲಿ ಆ ಕೆಲಸ ಸೇರಿರಬೇಕು ಎಂಬ ನಿಯಮವಿದೆ. ಇರುವ ವಾಹನಗಳನ್ನೇ ಹಂಚಿಕೊಂಡು, ಒಂದು ಫೋನ್ ಕರೆಗೆ ಯಾವುದು ಸಿಗುತ್ತದೋ ಅದನ್ನು ಕಳಿಸುವುದು ಇದರ ಹಿಂದಿನ ಯೋಚನೆ.

ನಮ್ಮಲ್ಲಿ ಇದು ಆಗುವುದಿಲ್ಲವೇ?

ಚುನಾವಣೆಯ ಮಟ್ಟಿಗೆ ಆಗಿದೆ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮತ್ತು 40% ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮನೆಯಿಂದಲೇ ಮತದಾನದ ಅವಕಾಶ ಕೊಟ್ಟರು. ಮತಗಟ್ಟೆ ಅಧಿಕಾರಿಗಳು ಮನೆಗೆ ಹೋಗಿ 12-ಡಿ ಅರ್ಜಿ ಕೊಟ್ಟರು. ಯಾವ ಊರಿನ ಯಾವ ಮನೆಯಲ್ಲಿ ಯಾರಿಗೆ ಓಡಾಡಲು ಆಗುವುದಿಲ್ಲ ಎಂಬ ಪಟ್ಟಿ ಸಿದ್ಧವಾಯಿತು. ಆ ಪಟ್ಟಿ ಹಿಡಿದು ತಂಡಗಳು ಮನೆಗಳಿಗೆ ಹೋದವು. 2024ರ ಲೋಕಸಭಾ ಚುನಾವಣೆಗೆ ವಯಸ್ಸನ್ನು 85ಕ್ಕೆ ಏರಿಸಿದರು, ವ್ಯವಸ್ಥೆ ಉಳಿಯಿತು.

ಪಟ್ಟಿ, ಮಾರ್ಗ, ವಾಹನ, ಹೊಣೆ ಹೊತ್ತ ಒಬ್ಬ ವ್ಯಕ್ತಿ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರಿಗೂ ಬೇಕಾಗಿರುವುದು ಇಷ್ಟೇ. 108 ತುರ್ತು ಸಂದರ್ಭಕ್ಕೆ ಇರುವ ಆಂಬುಲೆನ್ಸ್, ಮಾಮೂಲಿ ತಪಾಸಣೆಗೆ ಅದನ್ನು ಕರೆಯುವಂತಿಲ್ಲ. ಮನೆಯ ಬಾಗಿಲು ಮತ್ತು ಆಸ್ಪತ್ರೆಯ ಬಾಗಿಲಿನ ನಡುವಿನ ಈ ಖಾಲಿ ಜಾಗವನ್ನು ಈಗ ಮಗ, ಮಗಳು ಅಥವಾ ಪಕ್ಕದ ಮನೆಯವರು ತುಂಬುತ್ತಿದ್ದಾರೆ. ಯಾರೂ ಇಲ್ಲದವರು ತಪಾಸಣೆಯನ್ನೇ ಬಿಡುತ್ತಾರೆ.

ಈಗಲೇ ನೀವು ಏನು ಮಾಡಬಹುದು?

- ಅಂಗವೈಕಲ್ಯ ಇರುವವರಿಗೆ ಯುಡಿಐಡಿ ಕಾರ್ಡ್ ಮಾಡಿಸಿ.
- ರೈಲು ರಿಯಾಯಿತಿಗೆ ಅರ್ಹರಿದ್ದರೆ ರೈಲ್ವೆಯ ದಿವ್ಯಾಂಗ ಗುರುತಿನ ಚೀಟಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಿ.
- ರೈಲಿನ ಯಾವುದೇ ವಿಚಾರಣೆಗೆ, ದೂರಿಗೆ 139ಕ್ಕೆ ಕರೆ ಮಾಡಿ. ಗಾಲಿಕುರ್ಚಿ ಬೇಕಿದ್ದರೆ ಹೊರಡುವ ದಿನಕ್ಕೆ ಮೊದಲೇ ಕೇಳಿಕೊಳ್ಳಿ.
- ಹಿರಿಯರಿಗೆ ಸಿಗುವ ಸೌಲಭ್ಯಗಳ ಮಾಹಿತಿಗೆ 14567 ಸಹಾಯವಾಣಿ ಇದೆ. ಇದು ಮಾಹಿತಿ, ಮಾರ್ಗದರ್ಶನ ಕೊಡುತ್ತದೆ, ವಾಹನ ಕಳಿಸುವುದಿಲ್ಲ.
- ಆಸ್ಪತ್ರೆಯ ಸಮಯ ಪಡೆಯುವಾಗಲೇ “ನಮ್ಮೂರಿನ ಬಸ್ಸು ಇಷ್ಟು ಗಂಟೆಗೆ ಬರುತ್ತದೆ, ಇಷ್ಟಕ್ಕೆ ಕೊನೆಯ ಬಸ್ಸು” ಎಂದು ಹೇಳಿ. ಅದಕ್ಕೆ ಹೊಂದುವ ಸಮಯ ಕೇಳುವುದರಲ್ಲಿ ತಪ್ಪಿಲ್ಲ.
- ಒಂದೇ ಊರಿನಿಂದ ಒಂದೇ ಆಸ್ಪತ್ರೆಗೆ ಹೋಗುವವರು ಇಬ್ಬರು ಮೂವರಿದ್ದರೆ ಒಂದೇ ದಿನ ಸಮಯ ಪಡೆದು ಒಂದೇ ಆಟೋದಲ್ಲಿ ಹೋಗಿ. ನಿಮ್ಮ ವಾಟ್ಸಾಪ್ ಗುಂಪು ಇದಕ್ಕೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಮುಂದಿನ ಸಲ “ಸಿಹಿ ಸುದ್ದಿ” ಬಂದಾಗ ಎರಡು ಪ್ರಶ್ನೆ ಕೇಳಿ. ಆದೇಶದ ದಿನಾಂಕ ಮತ್ತು ಸಂಖ್ಯೆ ಇದೆಯೇ? ರೈಲ್ವೆ ಅಥವಾ ಸಾರಿಗೆ ನಿಗಮದ ಅಧಿಕೃತ ಪುಟದಲ್ಲಿ ಅದು ಕಾಣುತ್ತದೆಯೇ? ಎರಡಕ್ಕೂ ಇಲ್ಲ ಎಂದಾದರೆ ಅಲ್ಲಿಗೇ ನಿಲ್ಲಿಸಿ. ಅದರ ಬದಲು “ನಾಡಿದ್ದು ಆಸ್ಪತ್ರೆಗೆ ಹೋಗುತ್ತಿದ್ದೇವೆ, ಒಂದು ಸೀಟು ಖಾಲಿ ಇದೆ, ಯಾರಾದರೂ ಬರುತ್ತೀರಾ?” ಎಂದು ಗುಂಪಿಗೆ ಹಾಕಿ. ನಮ್ಮ ತಂಡದವರ ಅಜ್ಜ ಈಗ ತಪಾಸಣೆಗೆ ಹೋಗುವುದು ಅಂಥ ಒಂದು ಸೀಟಿನಲ್ಲೇ.